ಹೊಸ ಅಲಾಯ್ ಹಾಕಿಸಿದ ಮೇಲೆ ಟೈರ್ ಪ್ರೆಶರ್ ಲೈಟ್ ಮಿನುಗುತ್ತಿದೆಯೇ? ಸ್ಪೋರ್ಟ್ಸ್ ಕಾರಿನವರು ತಿಳಿದಿರಬೇಕಾದ ಸಂಗತಿಗಳು

ಮಹದೇವಪುರ: ಸ್ಪೋರ್ಟ್ಸ್ ಕಾರು ತಗೊಂಡವರು ಸಾಮಾನ್ಯವಾಗಿ ಮೊದಲು ಬದಲಿಸೋದು ವೀಲ್. ಜೆ.ಸಿ. ರಸ್ತೆಯಲ್ಲೋ, ಹೊರವರ್ತುಲ ರಸ್ತೆ ಪಕ್ಕದ ಟೈರ್ ಅಂಗಡಿಯಲ್ಲೋ ಕಂಪನಿ ವೀಲ್ ಬಿಚ್ಚಿಸಿ, ಒಂದೆರಡು ಇಂಚು ದೊಡ್ಡ ಅಲಾಯ್ ಹಾಕಿಸಿಕೊಂಡು ಖುಷಿಯಾಗಿ ಹೊರಡುತ್ತಾರೆ. ಮಾರತ್‌ಹಳ್ಳಿ ಸೇತುವೆ ದಾಟಿ ಸ್ವಲ್ಪ ದೂರ ಬರುವಷ್ಟರಲ್ಲಿ ಡ್ಯಾಶ್‌ಬೋರ್ಡ್‌ನಲ್ಲಿ ಹಳದಿ ಲೈಟ್ ಮಿನುಗೋಕೆ ಶುರುವಾಗುತ್ತೆ. ಲಾಳದ ಆಕಾರ, ಅದರೊಳಗೆ ಒಂದು ಆಶ್ಚರ್ಯಸೂಚಕ ಚಿಹ್ನೆ. ಅಂಗಡಿಗೆ ಫೋನ್ ಮಾಡಿದರೆ ಉತ್ತರ ಸಿದ್ಧವಾಗಿರುತ್ತದೆ: "ಏನೂ ಇಲ್ಲ ಸಾರ್, ಸೆನ್ಸರ್ ಹಳೇ ವೀಲಲ್ಲೇ ಉಳ್ಕೊಂಡಿದೆ. ಗಾಳಿ ಸರಿಯಾಗಿದೆ, ಓಡಿಸಿ."

ಅಂಗಡಿಯವರು ಹೇಳಿದ್ದು ಸುಳ್ಳಲ್ಲ. ಆ ದಿನದ ಮಟ್ಟಿಗೆ ಗಾಳಿ ಸರಿಯಾಗೇ ಇರುತ್ತದೆ. ತೊಂದರೆ ಬರೋದು ಎರಡು ತಿಂಗಳು ಬಿಟ್ಟು, ಹೂಡಿ ಸರ್ಕಲ್ ಹತ್ತಿರದ ಯಾವುದೋ ಗುಂಡಿಗೆ ಚಕ್ರ ಬಿದ್ದು ರಿಮ್‌ನಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಾಗ, ಅಥವಾ ಮೆಟ್ರೊ ಕಾಮಗಾರಿ ಜಾಗದಲ್ಲಿ ಒಂದು ಮೊಳೆ ಹೊಕ್ಕಾಗ. ಗಾಳಿ ದಿನಕ್ಕೆ ಒಂದೆರಡು ಪಿಎಸ್‌ಐನಂತೆ ಇಳಿಯುತ್ತದೆ. ಲೈಟ್ ಅಂತೂ ಮೊದಲಿಂದಲೇ ಉರೀತಾ ಇದೆಯಲ್ಲ, ಯಾರೂ ಅದರ ಕಡೆ ನೋಡೋದಿಲ್ಲ.

ಸಾಮಾನ್ಯ ಕಾರಿನಲ್ಲಾದರೆ ಗಾಳಿ ಇಳಿದ ಟೈರ್ ಕಣ್ಣಿಗೆ ಕಾಣುತ್ತೆ, ಹೊಟ್ಟೆ ಬಿಟ್ಟಂತೆ ಊದಿಕೊಂಡಿರುತ್ತೆ. 35 ಅಥವಾ 40 ಪ್ರೊಫೈಲ್‌ನ ತೆಳು ಟೈರ್‌ನಲ್ಲಿ ಹಾಗಾಗುವುದಿಲ್ಲ. ಪಕ್ಕದ ಗೋಡೆ ಗಿಡ್ಡವಾಗಿ ಬಿಗಿಯಾಗಿರುವುದರಿಂದ 34 ಪಿಎಸ್‌ಐ ಇದ್ದರೂ 24 ಇದ್ದರೂ ನೋಡೋಕೆ ಹೆಚ್ಚು ಕಡಿಮೆ ಒಂದೇ ಥರ. ಪಾರ್ಕಿಂಗ್‌ನಲ್ಲಿ ಕಾಲಿಂದ ಒದ್ದು ನೋಡುವ ಹಳೇ ಪರೀಕ್ಷೆಯೂ ಇಲ್ಲಿ ನಡೆಯಲ್ಲ. ಒಳಗೆ ಮಾತ್ರ ಗೋಡೆ ಬಾಗಿ ಬಾಗಿ ಬಿಸಿಯಾಗುತ್ತಿರುತ್ತದೆ. ಹೆದ್ದಾರಿ ವೇಗದಲ್ಲಿ ಟೈರ್ ಸಿಡಿಯುವುದಕ್ಕೆ ದೊಡ್ಡ ಕಾರಣಗಳಲ್ಲಿ ಇದೂ ಒಂದು. ಮೇಲಾಗಿ ಬಹಳಷ್ಟು ಸ್ಪೋರ್ಟ್ಸ್ ಕಾರುಗಳಲ್ಲಿ ಸ್ಟೆಪ್ನಿಯೇ ಇರುವುದಿಲ್ಲ. ಇರೋದು ಒಂದು ಸೀಲೆಂಟ್ ಬಾಟಲಿ, ಒಂದು ಪುಟ್ಟ ಗಾಳಿ ಪಂಪು.

ಸ್ಟೆಪ್ನಿ ಇಲ್ಲದಿರುವುದಕ್ಕೂ ಈ ಸೆನ್ಸರ್‌ಗೂ ಕಾನೂನಿನಲ್ಲೇ ನಂಟಿದೆ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ 2020ರ ಜುಲೈನಲ್ಲಿ ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿ ಪ್ರಕಾರ, 3.5 ಟನ್ ಒಳಗಿನ ಪ್ರಯಾಣಿಕ ವಾಹನದಲ್ಲಿ ಟ್ಯೂಬ್‌ಲೆಸ್ ಟೈರ್, ರಿಪೇರಿ ಕಿಟ್ ಮತ್ತು ಟೈರ್ ಒತ್ತಡ ಗಮನಿಸುವ ವ್ಯವಸ್ಥೆ ಇದ್ದರೆ ಸ್ಟೆಪ್ನಿ ಕಡ್ಡಾಯವಲ್ಲ. ಅಂದರೆ ಸ್ಟೆಪ್ನಿಗೆ ವಿನಾಯಿತಿ ಸಿಕ್ಕಿರೋದೇ ಈ ಸೆನ್ಸರ್ ಲೆಕ್ಕದಲ್ಲಿ. ಹೊಸ ವೀಲ್ ಹಾಕಿಸುವಾಗ ಸೆನ್ಸರ್ ಕೈಬಿಟ್ಟರೆ ಸ್ಟೆಪ್ನಿಯೂ ಇಲ್ಲ, ಎಚ್ಚರಿಕೆಯೂ ಇಲ್ಲ ಅನ್ನುವಂತಾಗುತ್ತದೆ.

ಮೊದಲು ಯಾವ ವ್ಯವಸ್ಥೆ ಅಂತ ಗೊತ್ತಿರಬೇಕು

ಟಿಪಿಎಂಎಸ್ ಅಂತ ಕರೆಯುವ ಈ ವ್ಯವಸ್ಥೆಯಲ್ಲಿ ಎರಡು ಬಗೆ. ಒಂದು ನೇರ, ಇನ್ನೊಂದು ಪರೋಕ್ಷ.

ನೇರ ಬಗೆಯಲ್ಲಿ ಪ್ರತಿ ಚಕ್ರದೊಳಗೆ ವಾಲ್ವ್‌ನ ಬುಡಕ್ಕೆ ಅಂಟಿಕೊಂಡಂತೆ ಒಂದು ಪುಟ್ಟ ಸೆನ್ಸರ್ ಇರುತ್ತದೆ. ತೂಕ 30 ಗ್ರಾಂ ಆಸುಪಾಸು. ಒಳಗಿನ ಗಾಳಿಯ ಒತ್ತಡ, ಬಿಸಿ ಎರಡನ್ನೂ ಅಳೆದು, ತನ್ನ ಗುರುತಿನ ಸಂಖ್ಯೆ ಸೇರಿಸಿ ರೇಡಿಯೊ ಸಂಕೇತವಾಗಿ ಕಾರಿಗೆ ಕಳಿಸುತ್ತದೆ. ಬ್ಯಾಟರಿ ಉಳಿಸಲು ಕಾರು ನಿಂತಾಗ ಮಲಗಿಬಿಡುತ್ತದೆ, ಚಕ್ರ ಉರುಳಿದಾಗ ಎದ್ದು ಕೆಲಸ ಶುರು ಮಾಡುತ್ತದೆ. ವೀಲ್ ಬದಲಿಸಿದ ಕಾರಿನಲ್ಲಿ ಲೈಟ್ ಅಂಗಡಿಯಲ್ಲೇ ಬರದೆ ಸ್ವಲ್ಪ ದೂರ ಓಡಿಸಿದ ಮೇಲೆ ಬರುವುದು ಇದಕ್ಕೇ. ಪೋರ್ಷೆ, ಈಗಿನ ಬಿಎಂಡಬ್ಲ್ಯು ಕಾರುಗಳು, 2016ರಿಂದ 2020ರವರೆಗೆ ಭಾರತದಲ್ಲಿ ಮಾರಾಟವಾದ ಫೋರ್ಡ್ ಮಸ್ಟಾಂಗ್ ಈ ಗುಂಪಿಗೆ ಸೇರುತ್ತವೆ. ಅಂದಹಾಗೆ ರಸ್ತೆಗಿಳಿದ ಕಾರಿನಲ್ಲಿ ಟೈರ್ ಒತ್ತಡ ನೋಡುವ ವ್ಯವಸ್ಥೆ ಮೊದಲು ಬಂದದ್ದೂ ಒಂದು ಸ್ಪೋರ್ಟ್ಸ್ ಕಾರಿನಲ್ಲೇ, 1986ರ ಪೋರ್ಷೆ 959ರಲ್ಲಿ.

ಪರೋಕ್ಷ ಬಗೆಯಲ್ಲಿ ಚಕ್ರದೊಳಗೆ ಏನೂ ಇರುವುದಿಲ್ಲ. ಗಾಳಿ ಇಳಿದ ಟೈರ್‌ನ ಸುತ್ತಳತೆ ಚೂರು ಕಮ್ಮಿಯಾಗಿ ಅದು ಉಳಿದವಕ್ಕಿಂತ ವೇಗವಾಗಿ ತಿರುಗುತ್ತದೆ. ಎಬಿಎಸ್‌ಗೆ ಅಂತ ಇಟ್ಟಿರುವ ಚಕ್ರ ವೇಗದ ಸೆನ್ಸರ್‌ಗಳೇ ಈ ವ್ಯತ್ಯಾಸ ಹಿಡಿಯುತ್ತವೆ. ಸ್ಕೋಡಾ ಆಕ್ಟೇವಿಯಾ ಆರ್‌ಎಸ್‌ನಲ್ಲಿರುವುದು ಈ ಬಗೆ. ಟಾಟಾ ಕಾರುಗಳ ಐಟಿಪಿಎಂಎಸ್ ಹೆಸರಿನ 'ಐ' ಕೂಡ ಪರೋಕ್ಷ ಅಂತಲೇ ಸೂಚಿಸುತ್ತದೆ.

ಗುರುತು ಹಿಡಿಯೋದು ಸುಲಭ. ಡ್ಯಾಶ್‌ಬೋರ್ಡ್ ನಾಲ್ಕೂ ಟೈರ್‌ಗೆ ಬೇರೆ ಬೇರೆ ಪಿಎಸ್‌ಐ ಅಂಕಿ ತೋರಿಸಿದರೆ ಅದು ನೇರ. ಬರೀ ಒಂದು ಲೈಟ್, ಮೆನುವಿನಲ್ಲಿ 'ಒತ್ತಡ ಸೆಟ್ ಮಾಡಿ' ಅನ್ನುವ ಆಯ್ಕೆ ಅಷ್ಟೇ ಇದ್ದರೆ ಬಹುಪಾಲು ಪರೋಕ್ಷ.

ಪರೋಕ್ಷ ಇದ್ದವರ ಕೆಲಸ ಹಗುರ. ಹೊಸ ವೀಲ್, ಹೊಸ ಟೈರ್ ಹಾಕಿಸಿ, ಟೈರ್ ತಣ್ಣಗಿದ್ದಾಗ ಗಾಳಿ ಸರಿಯಾಗಿ ತುಂಬಿಸಿ, ಮೆನುವಿಗೆ ಹೋಗಿ ರಿಸೆಟ್ ಒತ್ತಿ, ಒಂದಷ್ಟು ಹೊತ್ತು ಓಡಿಸಿದರೆ ಕಾರು ಹೊಸ ಅಳತೆ ಕಲಿತುಕೊಳ್ಳುತ್ತದೆ. ಮರೆಯಬಾರದ ಮಾತು ಒಂದೇ: ರಿಸೆಟ್ ಒತ್ತಿದಾಗ ಇದ್ದ ಗಾಳಿಯನ್ನೇ ಕಾರು ಸರಿ ಅಂತ ನಂಬುತ್ತದೆ. ಒಂದು ಟೈರ್ ಮೆತ್ತಗಿದ್ದಾಗ ಲೈಟ್ ಹೋಗಲಿ ಅಂತ ರಿಸೆಟ್ ಒತ್ತಿದರೆ ತಪ್ಪನ್ನೇ ಪಾಠ ಮಾಡಿದ ಹಾಗೆ. ತೀರಾ ಗಟ್ಟಿ ಗೋಡೆಯ ಟೈರ್ ಹಾಕಿದಾಗ ಈ ಬಗೆಯ ಚುರುಕು ಸ್ವಲ್ಪ ಕಡಿಮೆಯಾಗುವುದೂ ಉಂಟು.

ನೇರ ಸೆನ್ಸರ್: ಹೊಸ ರಿಮ್‌ಗೆ ಕೂರುತ್ತಾ?

ತಲೆನೋವೆಲ್ಲ ಇಲ್ಲಿ. ಕಂಪನಿ ವೀಲ್‌ನಲ್ಲಿ ಸೆನ್ಸರ್ ಕೂರಲೆಂದೇ ಜಾಗ ಬಿಟ್ಟಿರುತ್ತಾರೆ. ಹೊರಗಿನ ವೀಲ್ ಮಾಡುವವರು ನೂರಾರು ಕಾರಿಗೆ ಹೊಂದುವಂತೆ ಒಂದೇ ವಿನ್ಯಾಸ ಮಾಡಿರುತ್ತಾರೆ, ಕೆಲವರು ಸೆನ್ಸರ್ ಲೆಕ್ಕವನ್ನೇ ಇಟ್ಟಿರುವುದಿಲ್ಲ.

ದುಡ್ಡು ಕೊಡುವ ಮೊದಲು ಟೈರ್ ಇಲ್ಲದ ಖಾಲಿ ರಿಮ್‌ನಲ್ಲಿ ಒಂದು ಸೆನ್ಸರ್ ಕೂರಿಸಿ ತೋರಿಸಲು ಕೇಳುವುದು ಒಳ್ಳೆಯದು. ನೋಡಬೇಕಾದ್ದು ಮೂರು. ಸೆನ್ಸರ್‌ನ ಮೈ ರಿಮ್‌ನ ತಗ್ಗಿನಲ್ಲಿ ಅಡಗಿ ಕೂರಬೇಕು. ಟೈರ್‌ನ ಅಂಚು ಒಳಗೆ ಜಾರಿ ಬರುವ ದಾರಿಗೆ ತಲೆ ಎತ್ತಿದರೆ ಟೈರ್ ಹಾಕುವಾಗಲೇ ಮುರಿಯುತ್ತದೆ. ವಾಲ್ವ್ ತೂತಿನ ಸುತ್ತ ರಿಮ್ ಸಮತಟ್ಟಾಗಿರಬೇಕು, ಓರೆಯಿದ್ದರೆ ರಬ್ಬರ್ ಸೀಲ್ ಒಂದು ಪಕ್ಕ ಮಾತ್ರ ಒತ್ತಿ ಗಾಳಿ ಸೋರುತ್ತದೆ. ರಿಮ್‌ನ ದಪ್ಪ ವಾಲ್ವ್‌ನ ಉದ್ದಕ್ಕೆ ಹೊಂದಬೇಕು. ಮೂರು ತುಂಡು ಜೋಡಿಸಿ ಮಾಡುವ ಫೋರ್ಜ್ಡ್ ವೀಲ್‌ಗಳಲ್ಲಿ ವಾಲ್ವ್ ತೂತಿನ ಜಾಗವೇ ಬೇರೆಯಾಗಿರುತ್ತದೆ. ಅಲ್ಲಿ ಸ್ಟೀಲ್ ಪಟ್ಟಿ ಬಿಗಿದು ರಿಮ್‌ನ ತಗ್ಗಿಗೆ ಸೆನ್ಸರ್ ಕಟ್ಟುವ ದಾರಿಯೂ ಇದೆ. ಆದರೆ ಪಟ್ಟಿ ಕಟ್ಟಿ ಅಭ್ಯಾಸ ಇರುವ ಕೈಯೇ ಬೇಕು.

ವಾಲ್ವ್ ರಬ್ಬರಿನದೋ ಲೋಹದ್ದೋ ಅನ್ನುವುದೂ ಸಣ್ಣ ವಿಷಯವಲ್ಲ. ಒಂದು ಲೆಕ್ಕ ನೋಡಿದರೆ ಗೊತ್ತಾಗುತ್ತೆ. 30 ಗ್ರಾಂ ತೂಕದ ಸೆನ್ಸರ್ ಗಂಟೆಗೆ 100 ಕಿ.ಮೀ. ವೇಗದಲ್ಲಿ ತಿರುಗುವಾಗ ಸುಮಾರು 5 ಕೆ.ಜಿ. ಭಾರ ತೂಗಿಬಿಟ್ಟಂತೆ ರಿಮ್‌ನಿಂದ ಕಿತ್ತುಕೊಳ್ಳಲು ಎಳೆಯುತ್ತದೆ. ವೇಗ ಎರಡರಷ್ಟಾದರೆ ಎಳೆತ ನಾಲ್ಕರಷ್ಟು, ಅಂದರೆ 200ರಲ್ಲಿ 20 ಕೆ.ಜಿ. ಹತ್ತಿರ. ಒತ್ತಿ ಕೂರಿಸುವ ಸಾಧಾರಣ ರಬ್ಬರ್ ವಾಲ್ವ್‌ಗೆ ಸಾಮಾನ್ಯವಾಗಿ ಹೇಳುವ ಮಿತಿ ಗಂಟೆಗೆ 210 ಕಿ.ಮೀ. ನಮ್ಮ ಎಕ್ಸ್‌ಪ್ರೆಸ್‌ವೇಗಳಲ್ಲೂ ಕಾರಿಗೆ ಕಾನೂನು ಒಪ್ಪುವ ವೇಗ 120 ಅಷ್ಟೇ, ನಿಜ. ಆದರೆ ಇಲ್ಲಿಂದ ಇರುಂಗಾಟ್ಟುಕೋಟ್ಟೈ ರೇಸ್ ಟ್ರ್ಯಾಕ್‌ಗೆ ಅಂತಲೇ ಎರಡನೇ ಜೊತೆ ವೀಲ್ ಇಟ್ಟುಕೊಂಡವರೂ ಇದ್ದಾರೆ. ಅಂಥವರಿಗೆ ನಟ್ ಬಿಗಿಯುವ ಲೋಹದ ವಾಲ್ವ್ ಬಿಟ್ಟು ಬೇರೆ ಮಾತಿಲ್ಲ. ಆ ನಟ್ ಕೂಡ ಕೈ ಅಂದಾಜಿನಲ್ಲಿ ಬಿಗಿಯುವುದಲ್ಲ, ಟಾರ್ಕ್ ರೆಂಚ್‌ನಲ್ಲಿ ಸೆನ್ಸರ್ ತಯಾರಕರು ಹೇಳಿದಷ್ಟೇ. ಜಾಸ್ತಿ ಬಿಗಿದರೆ ಅಲ್ಯೂಮಿನಿಯಂ ವಾಲ್ವ್ ಅಲ್ಲೇ ಸೀಳುತ್ತದೆ.

315 ಮತ್ತು 433ರ ಗೊಂದಲ

ವೀಲ್ ಸರಿಹೋಯಿತು, ಸೆನ್ಸರ್ ಕೂತಿತು, ಆದರೂ ಲೈಟ್ ಆರಲಿಲ್ಲ ಅನ್ನುವವರ ಕಾರಿನಲ್ಲಿ ಬಹಳ ಸಲ ಸಿಗುವ ಕಾರಣ ರೇಡಿಯೊ ತರಂಗದ್ದು. ಅಮೆರಿಕ, ಜಪಾನ್ ಮಾರುಕಟ್ಟೆಗೆ ತಯಾರಾಗುವ ಬಹಳಷ್ಟು ಸೆನ್ಸರ್‌ಗಳು 315 ಮೆಗಾಹರ್ಟ್ಸ್‌ನಲ್ಲಿ ಮಾತಾಡುತ್ತವೆ. ಯುರೋಪಿನದು 433.92. ಭಾರತದಲ್ಲಿ ಇಂಥ ಕಡಿಮೆ ಶಕ್ತಿಯ ಸಾಧನಗಳಿಗೆ ಬಳಕೆಯಲ್ಲಿರುವುದು 433ರ ಪಟ್ಟಿ. ಎರಡೂ ನೋಡೋಕೆ ಒಂದೇ, ವಾಲ್ವ್ ಒಂದೇ, ಕೆಲವಕ್ಕೆ ಪಾರ್ಟ್ ನಂಬರ್ ಕೂಡ ಒಂದೆರಡು ಅಕ್ಷರ ಮಾತ್ರ ಬೇರೆ. ಆದರೆ ಒಂದರ ಮಾತು ಇನ್ನೊಂದರ ಕಿವಿಗೆ ಬೀಳೋದೇ ಇಲ್ಲ.

ಐಟಿ ಕಂಪನಿಗಳು ತುಂಬಿರುವ ಈ ಭಾಗದಲ್ಲಿ ಅಮೆರಿಕದಿಂದ ಬರುವ ಸಹೋದ್ಯೋಗಿ ಅಥವಾ ನೆಂಟರ ಸೂಟ್‌ಕೇಸ್‌ನಲ್ಲಿ ಬಿಡಿಭಾಗ ತರಿಸಿಕೊಳ್ಳೋದು ಮಾಮೂಲಿ. ಮಸ್ಟಾಂಗ್ ಅಮೆರಿಕದ ಕಾರು, ಅಲ್ಲಿಂದಲೇ ಸೆನ್ಸರ್ ತರಿಸಿದರೆ ಸರಿಹೋಗುತ್ತೆ ಅಂದುಕೊಳ್ಳುವುದು ಸಹಜ. ಹಾಗೆ ತರಿಸುವ ಮೊದಲು ಕಾರಿನಲ್ಲಿರುವ ಹಳೇ ಸೆನ್ಸರ್ ಮೈಮೇಲೆ ಮುದ್ರಿಸಿರುವ ತರಂಗದ ಸಂಖ್ಯೆ ನೋಡಿಕೊಳ್ಳಬೇಕು. ಟೈರ್ ಬಿಚ್ಚಿದಾಗ ಒಂದು ಫೋಟೊ ತೆಗೆದಿಟ್ಟುಕೊಂಡರೆ ಮುಂದಕ್ಕೂ ಅನುಕೂಲ.

ಹಳೇದನ್ನೇ ಹಾಕೋದಾ, ಹೊಸದು ತಗೊಳ್ಳೋದಾ?

ಕಾರಿಗೆ ಮೂರ್ನಾಲ್ಕು ವರ್ಷದ ಒಳಗಿನ ವಯಸ್ಸಾಗಿದ್ದು, ಹಳೇ ವೀಲ್ ಮಾರಿಬಿಡುವ ಯೋಚನೆ ಇದ್ದರೆ ಅದೇ ಸೆನ್ಸರ್ ಕಿತ್ತು ಹೊಸ ರಿಮ್‌ಗೆ ಹಾಕಿಸೋದು ಅಗ್ಗದ ದಾರಿ. ಗುರುತಿನ ಸಂಖ್ಯೆ ಅದೇ ಇರುವುದರಿಂದ ಕಾರು ತಕರಾರು ಮಾಡಲ್ಲ. ಸೀಲ್, ನಟ್, ಒಳಗಿನ ಪಿನ್, ಮುಚ್ಚಳ ಇರುವ ಸಣ್ಣ ಕಿಟ್ ಮಾತ್ರ ಹೊಸದಾಗಿ ಹಾಕಲೇಬೇಕು. ಏಳೆಂಟು ವರ್ಷದ ಕಾರಾದರೆ ಈ ಉಳಿತಾಯ ಬೇಡ. ಸೆನ್ಸರ್‌ನ ಬ್ಯಾಟರಿಗೆ 5ರಿಂದ 10 ವರ್ಷ ಆಯಸ್ಸು, ಬದಲಿಸೋಕೆ ಬಾರದಂತೆ ಒಳಗೇ ಮುಚ್ಚಿರುತ್ತಾರೆ. ಇವತ್ತು ಹಾಕಿಸಿ ಆರು ತಿಂಗಳಿಗೆ ಒಂದು ಸತ್ತರೆ ಮತ್ತೆ ಟೈರ್ ಬಿಚ್ಚಬೇಕು, ಮತ್ತೆ ಬ್ಯಾಲೆನ್ಸಿಂಗ್.

ಹಳೇ ವೀಲನ್ನೂ ಇಟ್ಟುಕೊಳ್ಳುವವರಿಗೆ ಎರಡನೇ ಜೊತೆ ಸೆನ್ಸರ್ ಬೇಕು. ಕಂಪನಿಯದೇ ತಗೊಳ್ಳಬಹುದು. ಇಲ್ಲವೇ ಷ್ರೇಡರ್, ವಿಡಿಒ, ಆಟೆಲ್ ಮುಂತಾದವರು ಮಾಡುವ, ಬೇಕಾದ ಕಾರಿಗೆ ಪ್ರೋಗ್ರಾಂ ಮಾಡಿಕೊಳ್ಳುವ ಸೆನ್ಸರ್‌ಗಳಿವೆ. ಇವಕ್ಕೆ ಹಳೇ ಸೆನ್ಸರ್‌ನ ಗುರುತಿನ ಸಂಖ್ಯೆಯನ್ನೇ ನಕಲು ಮಾಡಬಹುದು. ಹಾಗೆ ಮಾಡಿಸಿದರೆ ವಾರಾಂತ್ಯಕ್ಕೊಂದು ಜೊತೆ, ಆಫೀಸಿಗೊಂದು ಜೊತೆ ಬದಲಿಸುತ್ತಿದ್ದರೂ ಕಾರಿಗೆ ವ್ಯತ್ಯಾಸವೇ ತಿಳಿಯುವುದಿಲ್ಲ. ಪ್ರೋಗ್ರಾಂ ಮಾಡುವ ಉಪಕರಣ ಅಂಗಡಿಯಲ್ಲಿ ಇದೆಯೇ ಅಂತ ಮೊದಲೇ ಕೇಳಬೇಕು. ವೀಲ್ ಮಾರುವ ಎಲ್ಲ ಅಂಗಡಿಯಲ್ಲೂ ಇದು ಇರುವುದಿಲ್ಲ.

ಹೊಸ ಸಂಖ್ಯೆಯ ಸೆನ್ಸರ್ ಹಾಕಿದರೆ ಕಾರಿಗೆ ಪರಿಚಯ ಮಾಡಿಸಬೇಕು. ಇದು ಕಾರಿನಿಂದ ಕಾರಿಗೆ ಬೇರೆ. ಬಿಎಂಡಬ್ಲ್ಯುನಲ್ಲಿ ಮೆನುವಿನಿಂದ ರಿಸೆಟ್ ಕೊಟ್ಟು ಓಡಿಸಿದರೆ ತಾನೇ ಕಲಿಯುತ್ತದೆ. ಪೋರ್ಷೆಯಲ್ಲಿ ಹಾಕಿರುವ ಟೈರ್ ಬಗೆ, ಅಳತೆಯನ್ನು ಮೆನುವಿನಲ್ಲಿ ಆರಿಸಬೇಕು. ಮಸ್ಟಾಂಗ್‌ನಲ್ಲಿ ಕಾರನ್ನು ಕಲಿಕೆಯ ಸ್ಥಿತಿಗೆ ತಂದು, ಕೈಯಲ್ಲಿ ಹಿಡಿಯುವ ಉಪಕರಣದಿಂದ ಮುಂದಿನ ಎಡ ಚಕ್ರದಿಂದ ಶುರುಮಾಡಿ ಒಂದೊಂದೇ ಸೆನ್ಸರ್ ಎಬ್ಬಿಸುತ್ತಾ ಹೋಗಬೇಕು, ಪ್ರತಿಯೊಂದಕ್ಕೂ ಕಾರು ಹಾರ್ನ್ ಮಾಡಿ ಒಪ್ಪಿಗೆ ಕೊಡುತ್ತದೆ.

ಆನ್‌ಲೈನ್‌ನಲ್ಲಿ ಸಿಗುವ, ವಾಲ್ವ್ ಮುಚ್ಚಳದ ಜಾಗಕ್ಕೆ ತಿರುಪುವ ಹೊರಗಿನ ಸೆನ್ಸರ್‌ಗಳೂ ಇವೆ. ಏನೂ ಇಲ್ಲದ್ದಕ್ಕಿಂತ ವಾಸಿ. ಆದರೆ ರಬ್ಬರ್ ವಾಲ್ವ್‌ನ ತುದಿಗೆ ಭಾರ ಬೀಳುತ್ತದೆ, ಒಳಗಿನ ವಾಷರ್ ಸವೆದರೆ ಗಾಳಿ ಅಲ್ಲೇ ಸೋರುತ್ತದೆ, ರಸ್ತೆ ಬದಿ ನಿಲ್ಲಿಸಿದ ಕಾರಿಂದ ಯಾರಾದರೂ ತಿರುಪಿಕೊಂಡು ಹೋದರೆ ಕೇಳೋರಿಲ್ಲ. ಕಾರಿನ ಸ್ವಂತ ಲೈಟ್ ಹೇಗೂ ಉರೀತಾನೇ ಇರುತ್ತೆ.

ಇನ್ನೊಂದು ಉಪಾಯವೂ ಚಾಲ್ತಿಯಲ್ಲಿದೆ. ನಾಲ್ಕು ಸೆನ್ಸರ್‌ಗಳನ್ನು ಒಂದು ಪಿವಿಸಿ ಪೈಪಿನೊಳಗೆ ಹಾಕಿ, ಗಾಳಿ ತುಂಬಿ ಮುಚ್ಚಿ, ಡಿಕ್ಕಿಯಲ್ಲಿ ಇಟ್ಟುಬಿಡೋದು. ಲೈಟ್ ಆರುತ್ತೆ, ಪೈಪಿನ ಪ್ರೆಶರ್ ಸದಾ ಸರಿಯಾಗಿರುತ್ತೆ, ಟೈರ್ ಗತಿ ಮಾತ್ರ ದೇವರಿಗೇ ಗೊತ್ತು. ಲೈಟ್ ಉರಿಯುತ್ತಿದ್ದರೆ ಕನಿಷ್ಠ ಏನೋ ಸರಿಯಿಲ್ಲ ಅನ್ನುವ ನೆನಪಾದರೂ ಇರುತ್ತದೆ. ಪೈಪ್ ಅದನ್ನೂ ಅಳಿಸಿಬಿಡುತ್ತದೆ.

ಲೈಟ್ ಆರಿತು, ಲೆಕ್ಕ ಸರಿಯಾಯಿತೇ?

ಇಲ್ಲಿ ಅನುಭವಸ್ಥರೂ ಎಡವುತ್ತಾರೆ. ಎಷ್ಟು ಗಾಳಿಗೆ ಎಚ್ಚರಿಸಬೇಕು ಅನ್ನುವುದು ಕಂಪನಿ ಟೈರ್‌ನ ಲೆಕ್ಕದಲ್ಲಿ ನಿಗದಿಯಾಗಿರುತ್ತದೆ. ಅಮೆರಿಕದ ನಿಯಮದಲ್ಲಿ ಬಾಗಿಲ ಪಕ್ಕದ ಸ್ಟಿಕ್ಕರ್‌ನಲ್ಲಿರುವುದಕ್ಕಿಂತ ಶೇ 25ರಷ್ಟು ಇಳಿದಾಗ ಲೈಟ್ ಬರಬೇಕು. ಯುರೋಪಿನಲ್ಲಿ ಅನುಸರಿಸುವ ವಿಶ್ವಸಂಸ್ಥೆಯ ನಿಯಮದಲ್ಲಿ ಓಡುವಾಗಿನ ಒತ್ತಡಕ್ಕಿಂತ ಶೇ 20ರಷ್ಟು ಇಳಿದಾಗ. ಸ್ಟಿಕ್ಕರ್‌ನಲ್ಲಿ 33 ಪಿಎಸ್‌ಐ ಇದೆ ಅಂದುಕೊಂಡರೆ, ಶೇ 25ರ ಲೆಕ್ಕದಲ್ಲಿ ಲೈಟ್ ಬರುವುದು 25ರ ಹತ್ತಿರ. ಈಗ ಅದೇ ಕಾರಿಗೆ ಇನ್ನೂ ತೆಳುವಾದ ಟೈರ್ ಹಾಕಿ, ಅಷ್ಟೇ ಭಾರ ಹೊರಲು 38 ಬೇಕು ಅಂತಾದರೆ, ಅದು 28ಕ್ಕೆ ಇಳಿದಾಗಲೇ ಅಪಾಯದ ಗೆರೆ ದಾಟಿರುತ್ತದೆ. ಹಳೇ ಲೆಕ್ಕ ಹಿಡಿದುಕೊಂಡಿರುವ ಕಾರು ಮಾತ್ರ ಸುಮ್ಮನೆ ಕೂತಿರುತ್ತದೆ. ಹಾಗಾಗಿ ಹೊಸ ಟೈರ್‌ನ ಲೋಡ್ ಇಂಡೆಕ್ಸ್ ಹಳೆಯದಕ್ಕಿಂತ ಕಡಿಮೆಯಾಗದಂತೆ ನೋಡಿಕೊಳ್ಳುವುದು, ಎಷ್ಟು ಗಾಳಿ ಬೇಕು ಅಂತ ಟೈರ್ ಕಂಪನಿಯ ಪಟ್ಟಿಯಲ್ಲಿ ತಿಳಿದುಕೊಳ್ಳುವುದು, ಸಾಧ್ಯವಿರುವ ಕಾರುಗಳಲ್ಲಿ ಮಿತಿಯನ್ನೂ ಬದಲಿಸುವುದು ಅಗತ್ಯ. ಬದಲಿಸಲಾಗದಿದ್ದರೆ ಲೈಟ್ ಬರುವವರೆಗೆ ಕಾಯದೆ ಪರದೆಯ ಅಂಕಿಯನ್ನೇ ನೋಡುವ ಅಭ್ಯಾಸ ಬೇಕು.

ಅಂಕಿ ನೋಡುವವರು ಊರಿನ ಹವೆಯನ್ನೂ ಲೆಕ್ಕಕ್ಕೆ ತಗೊಳ್ಳಬೇಕು. ಬಿಸಿ ಐದಾರು ಡಿಗ್ರಿ ಸೆಲ್ಸಿಯಸ್ ಏರಿದರೆ ಒತ್ತಡ ಸುಮಾರು 1 ಪಿಎಸ್‌ಐ ಏರುತ್ತದೆ. ಜನವರಿಯ ಬೆಳಗಿನ ಚಳಿಯಲ್ಲಿ ಲೈಟ್ ಬಂದು ಮಧ್ಯಾಹ್ನ ತಾನೇ ಆರಿದರೆ ಅದು ಕಾರಿನ ದೋಷವಲ್ಲ, ಗಾಳಿ ಅಂಚಿನಲ್ಲಿದೆ ಅಂತ. ಸಂಜೆ ಟ್ರಾಫಿಕ್‌ನಲ್ಲಿ ಒಂದು ಗಂಟೆ ತೆವಳಿ ಬಂದು ಬಂಕ್‌ನಲ್ಲಿ ಅಳತೆ ನೋಡಿಸಿದರೆ ಅಂಕಿ ಜಾಸ್ತಿಯೇ ಬರುತ್ತದೆ. ಅದನ್ನು ನೋಡಿ ಗಾಳಿ ಬಿಡಿಸೋದು ತಪ್ಪು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ಹೊರಗಿನ ವಾಯುಭಾರ ಚೆನ್ನೈಗಿಂತ ಒಂದೂವರೆ ಪಿಎಸ್‌ಐನಷ್ಟು ಕಡಿಮೆ. ಇಲ್ಲಿ ಸರಿಯಾಗಿ ತುಂಬಿಸಿದ ಟೈರ್ ಅಲ್ಲಿಗೆ ಹೋಗಿ ತಣ್ಣಗಾದ ಮೇಲೆ, ಅಲ್ಲಿನ ಸೆಕೆ ಸರಿದೂಗಿಸದಿದ್ದರೆ, ಅಷ್ಟು ಕಡಿಮೆ ತೋರಿಸಬಹುದು.

ಲೈಟ್‌ನ ಭಾಷೆಯೂ ಎರಡು ಥರ. ನೇರ ಸೆನ್ಸರ್ ಇರುವ ಬಹಳಷ್ಟು ಕಾರುಗಳಲ್ಲಿ ಲೈಟ್ ಬಂದು ಸ್ಥಿರವಾಗಿ ನಿಂತರೆ ಯಾವುದೋ ಟೈರ್‌ನಲ್ಲಿ ಗಾಳಿ ಕಡಿಮೆ. ಒಂದು ನಿಮಿಷ, ಒಂದೂವರೆ ನಿಮಿಷ ಮಿನುಗಿ ಆಮೇಲೆ ನಿಂತರೆ ಸೆನ್ಸರ್‌ನ ಮಾತೇ ಕೇಳಿಸುತ್ತಿಲ್ಲ ಅಂತ ಅರ್ಥ.

ಪಂಕ್ಚರ್ ಅಂಗಡಿಯಲ್ಲಿ

ಟೈರ್ ಬಿಚ್ಚುವ ಮೊದಲು "ಒಳಗೆ ಸೆನ್ಸರ್ ಇದೆ" ಅಂತ ಹೇಳಿಬಿಡಬೇಕು. ಟೈರ್ ಅಂಚು ಒತ್ತುವ ಯಂತ್ರದ ಪಟ್ಟಿ ವಾಲ್ವ್ ಪಕ್ಕದಲ್ಲೇ ಕೂತರೆ ಸೆನ್ಸರ್ ಪುಡಿ. ಟ್ಯೂಬ್ ಹಾಕಿಕೊಡ್ತೀನಿ ಅಂದರೆ ಒಪ್ಪಬಾರದು. ಸೀಲೆಂಟ್ ಬಾಟಲಿ ಬಳಸಿದ್ದರೆ ಅದನ್ನೂ ಹೇಳಬೇಕು, ಅಂಟು ಸೆನ್ಸರ್‌ನ ಸಣ್ಣ ಕಿಂಡಿ ಮುಚ್ಚಿರಬಹುದು. ಕಳೆದುಹೋದ ಮುಚ್ಚಳದ ಬದಲು ಹೊಳೆಯುವ ಹಿತ್ತಾಳೆ ಮುಚ್ಚಳ ಹಾಕಿದರೆ ಮಳೆಗಾಲ ಕಳೆಯುವಷ್ಟರಲ್ಲಿ ಅದು ಅಲ್ಯೂಮಿನಿಯಂ ವಾಲ್ವ್‌ಗೆ ಕಚ್ಚಿಕೊಂಡು ಬಿಡುತ್ತದೆ. ಆಮೇಲೆ ತಿರುಪಿದರೆ ವಾಲ್ವೇ ಮುರಿದು ಕೈಗೆ ಬರುತ್ತದೆ. ಪ್ಲಾಸ್ಟಿಕ್ ಮುಚ್ಚಳವೇ ಸಾಕು.

ಸೆನ್ಸರ್‌ಗೆ ಕಾಣದ್ದೂ ಒಂದಿದೆ. ಗುಂಡಿಗೆ ಬಿದ್ದು ಟೈರ್‌ನ ಪಕ್ಕದಲ್ಲಿ ಏಳುವ ಗುಳ್ಳೆ. ಒಳಗಿನ ದಾರ ಹರಿದಿರುತ್ತದೆ, ಗಾಳಿ ಮಾತ್ರ ಪೂರ್ತಿ ಇರುತ್ತದೆ, ಪರದೆಯಲ್ಲಿ ಎಲ್ಲ ಸರಿ. ಅದನ್ನು ಕಣ್ಣಿಂದಲೇ ನೋಡಿ, ಕೈ ಸವರಿ ಪತ್ತೆ ಮಾಡಬೇಕು, ರಿಮ್‌ನ ಒಳಬದಿಯಲ್ಲೂ.

ಆರ್‌ಟಿಒ, ವಿಮೆ

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಕುರಿತು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಕೊಟ್ಟ ತೀರ್ಪಿನ ಪ್ರಕಾರ, ತಯಾರಕರು ನಿಗದಿಪಡಿಸಿದ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನ ಮಾರ್ಪಡಿಸುವಂತಿಲ್ಲ. ಕೆ.ಆರ್. ಪುರ ಆರ್‌ಟಿಒದಲ್ಲಿ ಕೆಎ-53 ನೋಂದಣಿ ಆಗಿರುವ ಕಾರಿಗೂ ಅದೇ ಮಾತು. ಅದೇ ಮಾದರಿಯ ಮೇಲಿನ ಶ್ರೇಣಿಗೆ ಕಂಪನಿಯೇ ಕೊಡುವ ಅಳತೆಯ ವೀಲ್, ಟೈರ್ ಆರಿಸಿಕೊಂಡರೆ ತಂಟೆ ಕಡಿಮೆ. ಮಡ್‌ಗಾರ್ಡ್ ದಾಟಿ ಹೊರಚಾಚಿದ ಚಕ್ರ ಮೊದಲು ಕಣ್ಣಿಗೆ ಬೀಳೋದು ಸಂಚಾರ ಪೊಲೀಸರಿಗೇ. ವೀಲ್ ಬದಲಿಸಿದ್ದನ್ನು ವಿಮೆ ಕಂಪನಿಗೆ ಬರೆದು ತಿಳಿಸಿ ಪಾಲಿಸಿಯಲ್ಲಿ ಸೇರಿಸಿಕೊಳ್ಳಬೇಕು. ಇಲ್ಲವಾದರೆ ಕ್ಲೇಮ್ ಸಮಯದಲ್ಲಿ ಎಳೆದಾಟ ಆಗುತ್ತದೆ.

ಅಲಾಯ್ ಹಾಕಿಸಿದ ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋದವರು ಮಾಡಬಹುದಾದ ಒಂದು ನಿಮಿಷದ ಪರೀಕ್ಷೆ ಇದೆ. ಎಂಜಿನ್ ಶುರು ಮಾಡದೆ ಇಗ್ನಿಷನ್ ಮಾತ್ರ ಹಾಕಿದಾಗ ಟೈರ್ ಲೈಟ್ ಉಳಿದ ಲೈಟ್‌ಗಳ ಜೊತೆ ಒಂದೆರಡು ಸೆಕೆಂಡ್ ಬೆಳಗಿ ಆರಬೇಕು. ಆ ವ್ಯವಸ್ಥೆ ಇರುವ ಕಾರಿನಲ್ಲಿ ಅದು ಬೆಳಗಲೇ ಇಲ್ಲ ಅಂದರೆ ಯಾರೋ ಅದನ್ನು ಬಂದ್ ಮಾಡಿಸಿದ್ದಾರೆ. ಸರಿಯಾಗಿ ಬೆಳಗಿ ಆರಿದರೂ, ಡಿಕ್ಕಿಯ ಮ್ಯಾಟ್ ಎತ್ತಿ ಪಿವಿಸಿ ಪೈಪ್ ಇದೆಯಾ ಅಂತ ಒಮ್ಮೆ ನೋಡಿಬಿಡಬೇಕು.